ಏಪ್ರಿಲ್ 25 ಮತ್ತು ಊರಿಗೆ ಬಾರದ ಆಯೋಗ

ಅಲೀಪುರದ ಹಿರಿಯರೇ, ಗೌರಿಬಿದನೂರಿನಿಂದಲೂ ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದಲೂ ಬಂದಿರುವ ಗೆಳೆಯರೇ,

ಮಾನವ ಹಕ್ಕುಗಳ ಆಯೋಗ ಮತ್ತು ಆ ಹಕ್ಕುಗಳಿಗೊಂದು ನಾಡ ದಿನಾಚರಣೆ, ಈ ಎರಡನ್ನೂ ಸೇರಿಸಿ ಮಾತನಾಡಿ ಎಂದು ಈ ಉಪನ್ಯಾಸದ ದತ್ತಿಯವರು ಹೇಳಿದ್ದಾರೆ. ವಿಧಾನಸೌಧದ ಸುತ್ತಮುತ್ತಲ ವಿಷಯ ಎನ್ನಿಸಬಹುದು. ನಾನು ಶುರು ಮಾಡುವುದು ಇಲ್ಲೇ ಹತ್ತಿರದ ವಿದುರಾಶ್ವತ್ಥದಿಂದ.

1938ರ ಏಪ್ರಿಲ್. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಬಾವುಟ ಹಾರಿಸಬಾರದೆಂದು ನಿಷೇಧವಿತ್ತು. ಮದ್ದೂರಿನ ಹತ್ತಿರ ಶಿವಪುರದಲ್ಲಿ ಆ ನಿಷೇಧವನ್ನು ಮುರಿದಾಗಿತ್ತು. ಅದೇ ತಿಂಗಳ 25ರಂದು, ಜಾತ್ರೆಯ ಹೊತ್ತಿನಲ್ಲಿ, ವಿದುರಾಶ್ವತ್ಥದಲ್ಲಿ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಎಂದು ಜನ ಹೇಳುತ್ತಾರೆ. ಅಂದಿನ ಸರ್ಕಾರ ಒಪ್ಪಿಕೊಂಡಿದ್ದು ಅದಕ್ಕಿಂತ ಬಹಳ ಕಡಿಮೆ. ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತನಾಡಲು ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದರು. ಬಾವುಟದ ವಿಷಯದಲ್ಲಿ ರಾಜಿಯಾಯಿತು. ಗೋಲಿಬಾರಿನ ವಿಚಾರಣೆಗೆ ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ಸಮಿತಿಯನ್ನು ಸರ್ಕಾರ ನೇಮಿಸಿತು.

ಗುಂಡು ಹೊಡೆದ ಸರ್ಕಾರವೇ ವಿಚಾರಣೆಗೂ ಜನ ನೇಮಿಸಿತು ಎಂಬುದನ್ನು ಗಮನಿಸಬೇಕು. ಸರ್ಕಾರದ ತಪ್ಪನ್ನು ಸರ್ಕಾರದ ಆಳೇ ಹುಡುಕುವುದು ಹೇಗೆ? ಈ ತೊಡಕನ್ನು ಬಿಡಿಸಿಕೊಳ್ಳಲು ಜಗತ್ತಿಗೆ ಇನ್ನೂ ಅರ್ಧ ಶತಮಾನ ಹಿಡಿಯಿತು. ಆಯೋಗಗಳು ಸರ್ಕಾರದ ಹಂಗಿಲ್ಲದೆ ನಡೆಯಬೇಕೆಂಬ ಪ್ಯಾರಿಸ್ ತತ್ವಗಳನ್ನು ವಿಶ್ವಸಂಸ್ಥೆ ಒಪ್ಪಿದ್ದು 1993ರ ಡಿಸೆಂಬರಿನಲ್ಲಿ. ನಮ್ಮ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯೂ 1993ರದೇ. ದೆಹಲಿಯ ರಾಷ್ಟ್ರೀಯ ಆಯೋಗ ಆಗಲೇ ಬಂತು. ತಮ್ಮ ತಮ್ಮ ಆಯೋಗ ಮಾಡಿಕೊಳ್ಳಲು ರಾಜ್ಯಗಳಿಗೆ ಕಾಯ್ದೆ ಗಡುವು ಹಾಕಿರಲಿಲ್ಲ. ಹೀಗಾಗಿ ಕರ್ನಾಟಕ ನಿಧಾನಿಸಿತು. ಆದೇಶ ಹೊರಟದ್ದು 2005ರಲ್ಲಿ. ನ್ಯಾಯಮೂರ್ತಿ ಎಸ್. ಆರ್. ನಾಯಕ್ ಮೊದಲ ಅಧ್ಯಕ್ಷರಾಗಿ ಆಯೋಗ ಕೆಲಸ ಶುರು ಮಾಡಿದ್ದು 2007ರಲ್ಲಿ. ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದೂ ಅದೇ ವರ್ಷ.

ಈ ನಿಧಾನಕ್ಕೆ ಬೆಲೆ ತೆತ್ತವರು ಯಾರು? ಚಿಂತಾಮಣಿಯವರಿಗೆ ನಾನು ಹೇಳಬೇಕಾಗಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಜೀವಂತ ಸುಟ್ಟುಹೋದರು. ಕೇಸು ನಡೆಯಿತು, ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ, ಅಪರಾಧಿ ಒಬ್ಬನೂ ಇಲ್ಲ. ಕೊಲೆಯ ತೀರ್ಪು ಕೊಡುವುದು ಆಯೋಗದ ಕೆಲಸವಲ್ಲ, ನಿಜ. ಆದರೆ ಸರ್ಕಾರಿ ನೌಕರನೊಬ್ಬ ಅನ್ಯಾಯವನ್ನು ತಡೆಯದೆ ಉಪೇಕ್ಷೆ ಮಾಡಿದರೆ ಅದನ್ನು ತಾನಾಗಿಯೇ ವಿಚಾರಿಸಲು ಕಾಯ್ದೆಯ 12ನೇ ಕಲಂ ಆಯೋಗಕ್ಕೆ ಅಧಿಕಾರ ಕೊಡುತ್ತದೆ. ಬಿಗುವು ಮೊದಲೇ ಗೊತ್ತಿತ್ತೇ, ಗೊತ್ತಿದ್ದವರು ಏನು ಮಾಡಿದರು, ಸಾಕ್ಷಿಗಳಿಗೆ ಯಾರು ಧೈರ್ಯ ಕೊಟ್ಟರು ಎಂದು ಕೇಳಬಹುದಾಗಿದ್ದ ರಾಜ್ಯ ಆಯೋಗವೇ ಆಗ ಇರಲಿಲ್ಲ. ಅದು ಹುಟ್ಟುವ ಹೊತ್ತಿಗೆ ಕಾಲ ಮೀರಿತ್ತು. ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಣೆ ಮಾಡುವಂತಿಲ್ಲ ಎನ್ನುತ್ತದೆ 36ನೇ ಕಲಂ.

ಈಗ ಆಯೋಗವಿದೆಯಲ್ಲ ಎನ್ನುತ್ತೀರಿ. ಇದೆ, ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ. ನಾಯಕ್ ಅವರ ಅವಧಿ ಮುಗಿದ ಮೇಲೆ ಹಲವು ವರ್ಷ ಅದಕ್ಕೆ ಕಾಯಂ ಅಧ್ಯಕ್ಷರಿರಲಿಲ್ಲ. ಖಾಲಿ ಹುದ್ದೆ ತುಂಬಿ ಎಂದು 2015ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಇನ್ನು ಪೊಲೀಸರ ಮೇಲಿನ ದೂರನ್ನು ತನಿಖೆ ಮಾಡುವವರು ಆಯೋಗಕ್ಕೆ ಎರವಲು ಬಂದ ಪೊಲೀಸರೇ. ದೆಹಲಿಯ ಆಯೋಗದ ಮಾನ್ಯತೆಯನ್ನು ಇಂಥ ಆಯೋಗಗಳ ಅಂತರರಾಷ್ಟ್ರೀಯ ಒಕ್ಕೂಟ 2023ರಲ್ಲೂ 2024ರಲ್ಲೂ ಮುಂದೂಡಿದ್ದಕ್ಕೆ ಇದೂ ಒಂದು ಕಾರಣ. ವಿದುರಾಶ್ವತ್ಥದ ತೊಡಕು ಬಿಡಲಿಲ್ಲ, ನೋಡಿ! ಆಯೋಗ ಶಿಫಾರಸು ಮಾಡಿದರೆ ಸರ್ಕಾರ ಒಪ್ಪಲೇಬೇಕೆಂದು 2021ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ ಹೇಳಿತು. ಒಳ್ಳೆಯ ಮಾತೇ, ಆದರೆ ಅದು ಪಕ್ಕದ ರಾಜ್ಯದ ತೀರ್ಪು.

ಇನ್ನು ದಿನಾಚರಣೆಗೆ ಬರೋಣ. ದಕ್ಷಿಣ ಆಫ್ರಿಕದ ಶಾರ್ಪ್‌ವಿಲ್‌ನಲ್ಲಿ 1960ರ ಮಾರ್ಚ್ 21ರಂದು ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಇವತ್ತು ಅಲ್ಲಿ ಮಾರ್ಚ್ 21 ಮಾನವ ಹಕ್ಕುಗಳ ದಿನ, ಸಾರ್ವಜನಿಕ ರಜೆ. ಮಂಡೇಲಾ ಹೊಸ ಸಂವಿಧಾನಕ್ಕೆ ಸಹಿ ಹಾಕಲು 1996ರ ಡಿಸೆಂಬರ್ 10ರಂದು ಹೋದದ್ದು ಆ ಶಾರ್ಪ್‌ವಿಲ್‌ಗೇ. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜೆಗೆ 1983ರಲ್ಲಿ ಕಾನೂನಾಯಿತು. ಜನ ಅದನ್ನು ಆಚರಿಸುವಂತೆ ಮಾಡುವುದಕ್ಕೇ ಒಂದು ಆಯೋಗವನ್ನೂ ಮಾಡಿಕೊಂಡರು. ಆದರೂ ಅರಿಝೋನಾದ ಮತದಾರರು 1990ರಲ್ಲಿ ಆ ರಜೆ ಬೇಡವೆಂದರು, 1992ರಲ್ಲಿ ಬೇಕೆಂದರು.

ಹಾಗಾದರೆ ಏಪ್ರಿಲ್ 25ಕ್ಕೆ ರಜೆ ಕೊಡಿ ಎಂದು ಕೇಳೋಣವೇ? ನನಗೆ ಮನಸ್ಸಿಲ್ಲ. ಆ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ ಇದ್ದೇ ಇರುತ್ತದೆ. ಬ್ಯಾಂಕು, ತಾಲ್ಲೂಕು ಕಚೇರಿ ಬಾಗಿಲು ಹಾಕುತ್ತವೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಹೆಂಗಸಿಗೂ ಇಲ್ಲಿ ಹರಳು ಉಜ್ಜುವ ಹುಡುಗನಿಗೂ ರಜೆಯೆಂದರೆ ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ. ಹಕ್ಕಿನ ದಿನವೇ ಕೂಲಿ ಕಳೆಯುವುದೆಂದರೆ!

ದಿನವನ್ನು ಹೇಗೆ ಆಚರಿಸಬೇಕೆಂದು ಅಲೀಪುರಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನ ಕರ್ಬಲಾದ ಅನ್ಯಾಯವನ್ನು ಈ ಊರು ಮೊಹರಂನಲ್ಲಿ ಮನೆಯಲ್ಲಿ ಮಲಗಿ ನೆನೆಯುವುದಿಲ್ಲ. ಮಜ್ಲಿಸಿನಲ್ಲಿ ಕೂತು ಕೇಳುತ್ತದೆ, ಬೀದಿಗಿಳಿದು ನಡೆಯುತ್ತದೆ, ಸಬೀಲಿನಲ್ಲಿ ನಿಂತು ಬಂದವರಿಗೆಲ್ಲ ನೀರು ಕೊಡುತ್ತದೆ. ಸರ್ಕಾರದ ಕ್ಯಾಲೆಂಡರಿನಲ್ಲಿ ರಜೆ ಇದ್ದರೂ ಇಲ್ಲದಿದ್ದರೂ ಅದು ನಡೆಯುತ್ತದೆ. ನವೆಂಬರ್ 26ರ ಸಂವಿಧಾನ ದಿನಕ್ಕಾಗಲಿ ಡಿಸೆಂಬರ್ 10ರ ವಿಶ್ವ ಮಾನವ ಹಕ್ಕುಗಳ ದಿನಕ್ಕಾಗಲಿ ಇಂಥ ಜೀವ ಬಂದಿಲ್ಲ. ಪ್ರಸ್ತಾವನೆ ಓದುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ, ಬೋಂಡ ತಿಂದು ಮನೆಗೆ ಹೋಗುತ್ತೇವೆ.

ಈ ಊರಿನ ಇನ್ನೊಂದು ಸಂಗತಿ ಭಾಷಾಶಾಸ್ತ್ರಜ್ಞರಿಗೆ ಗೊತ್ತಿದ್ದಷ್ಟು ಬೆಂಗಳೂರಿನ ಅಧಿಕಾರಿಗಳಿಗೆ ಗೊತ್ತಿಲ್ಲ. ಹುಟ್ಟು ಕಿವುಡರು ಇಲ್ಲಿ ಹೆಚ್ಚು. ಅವರಿಗಾಗಿ ಊರೊಳಗೇ ಒಂದು ಕೈಸನ್ನೆಯ ಭಾಷೆ ಬೆಳೆದಿದೆ, ಕಿವಿ ಕೇಳುವವರೂ ಅದನ್ನು ಬಲ್ಲರು. ಅಂಗಡಿಯಲ್ಲಿ ಬೆಲೆ ಕೇಳಲು, ಮದುವೆಯ ಮಾತುಕತೆಯಲ್ಲಿ ಕೂರಲು ಅವರಿಗೆ ದುಭಾಷಿ ಬೇಕಾಗಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ, ಅಲೀಪುರ ಅದಕ್ಕೆ ಕಾಯಲಿಲ್ಲ. ಆದರೆ ಆ ಕಿವುಡರಲ್ಲೊಬ್ಬ ಠಾಣೆಗೆ ಹೋದರೆ ಅವನ ಮಾತು ಯಾರಿಗೆ ತಿಳಿಯುತ್ತದೆ? ಊರು ಕಲಿತದ್ದನ್ನು ಸರ್ಕಾರವೂ ಕಲಿಯಬೇಕು.

ಆದ್ದರಿಂದ ಏಪ್ರಿಲ್ 25ನ್ನು ಕರ್ನಾಟಕದ ಮಾನವ ಹಕ್ಕುಗಳ ದಿನವೆಂದು ಘೋಷಿಸಲಿ, ರಜೆ ಬೇಡ. ಅಂದು ಆಯೋಗದವರು ಬಹುಮಹಡಿ ಕಟ್ಟಡ ಬಿಟ್ಟು ಹೊರಡಲಿ. ಮೊದಲ ವರ್ಷ ಗೌರಿಬಿದನೂರಿನಲ್ಲಿ ಕೂತು ಅಹವಾಲು ಕೇಳಲಿ, ಮರುವರ್ಷ ಬೇರೆ ಜಿಲ್ಲೆ. ಹಿಂದಿನ ವರ್ಷ ಮಾಡಿದ ಶಿಫಾರಸುಗಳಲ್ಲಿ ಯಾವುದಕ್ಕೆ ಯಾವ ಇಲಾಖೆ ಉತ್ತರ ಕೊಟ್ಟಿಲ್ಲವೆಂದು ಜನರೆದುರು ಗಟ್ಟಿಯಾಗಿ ಓದಲಿ. ಉತ್ತರಕ್ಕೆ ಕಾಯ್ದೆ ಕೊಟ್ಟಿರುವ ಗಡುವು ಸಾಮಾನ್ಯವಾಗಿ ಒಂದು ತಿಂಗಳು, ಅದು ಅಧಿಕಾರಿಗಳಿಗೂ ನೆನಪಾಗಲಿ. ಕಾಯ್ದೆಯ 30ನೇ ಕಲಂ ಹೇಳುವ ಜಿಲ್ಲಾ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಎಷ್ಟು ಕೇಸು ನಡೆದಿವೆ ಎಂಬ ಲೆಕ್ಕವನ್ನೂ ಅಂದೇ ಕೊಡಲಿ.

ಇದನ್ನು ಕೇಳಲು ಶಾಸಕರ ಮನೆಗೆ ಹೋಗಿ ಕಾಯಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಅಲೀಪುರ ಒಂದು ನಿರ್ಣಯ ಮಾಡಿ ಕಳಿಸಬಹುದು. ಆಯೋಗಕ್ಕೆ ಬಿಳಿ ಹಾಳೆಯ ಅರ್ಜಿ ಸಾಕು, ಶುಲ್ಕವಿಲ್ಲ, ವಕೀಲರೂ ಬೇಡ. ನಿರ್ಣಯದಲ್ಲಿ ಒಂದು ಸಾಲು ಮಾತ್ರ ಮರೆಯದೆ ಸೇರಿಸಿ: ವಿಚಾರಣೆಗೆ ಬರುವಾಗ ಕೈಸನ್ನೆ ಬಲ್ಲ ಅಲೀಪುರದವರೊಬ್ಬರನ್ನು ಆಯೋಗ ಗೌರವಧನ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.