‘ಅಪ್ಪ ಏನ್ ಮಾಡ್ತಾರೆ?’ ಅಂತ ಕೇಳದ ಗೇಮ್

ಇವತ್ತಿನ ಎಪಿಸೋಡ್‌ನಲ್ಲಿ ಒಂದು ಹಳೇ ಗೇಮ್ ಬಗ್ಗೆ ಮಾತಾಡೋಣ. ಅದರಲ್ಲಿ ಚಿತ್ರ ಇಲ್ಲ, ಸೌಂಡ್ ಇಲ್ಲ, ಬರೀ ಅಕ್ಷರ. ಆದರೆ ಇವತ್ತು ನಾವು ಆಡೋ ಎಷ್ಟೋ ಆನ್‌ಲೈನ್ ಗೇಮ್‌ಗಳ ಬೇರು ಅಲ್ಲೇ ಇದೆ.

1978ನೇ ಇಸವಿ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಅಂತ ಒಬ್ಬ ವಿದ್ಯಾರ್ಥಿ. ಆಗ ಒಬ್ಬೊಬ್ಬರಿಗೂ ಒಂದೊಂದು ಕಂಪ್ಯೂಟರ್ ಅನ್ನೋ ಕಾಲ ಅಲ್ಲ. ಪಿಡಿಪಿ-10 ಅನ್ನೋ ಒಂದೇ ದೊಡ್ಡ ಯಂತ್ರಕ್ಕೆ ಹಲವು ಟರ್ಮಿನಲ್‌ಗಳು. ಹಾಗಾದರೆ ಇವರೆಲ್ಲ ಒಂದೇ ಗೇಮ್ ಒಳಗೆ ಯಾಕೆ ಇರಬಾರದು? ಟ್ರಬ್‌ಶಾ ಬರೆದ ಆ ಪ್ರೋಗ್ರಾಮ್‌ನ ಹೆಸರು ಮಲ್ಟಿ ಯೂಸರ್ ಡಂಜನ್, ಚಿಕ್ಕದಾಗಿ ‘ಮಡ್’. 1980ರಲ್ಲಿ ಓದು ಮುಗಿಸಿ ಹೊರಡುವಾಗ ಅದನ್ನು ಗೆಳೆಯ ರಿಚರ್ಡ್ ಬಾರ್ಟಲ್ ಕೈಗೆ ಒಪ್ಪಿಸಿದರು. ಅದನ್ನು ದೊಡ್ಡ ಲೋಕವಾಗಿ ಬೆಳೆಸಿದವರು ಬಾರ್ಟಲ್.

ಆಡೋದು ಹೇಗೆ? ‘ಉತ್ತರ’ ಅಂತ ಟೈಪ್ ಮಾಡಿದರೆ ಉತ್ತರಕ್ಕೆ ಹೋಗ್ತೀರಿ. ಅಲ್ಲೇನಿದೆ ಅಂತ ನಾಲ್ಕು ಸಾಲು ಪರದೆ ಮೇಲೆ ಬರುತ್ತೆ. ಅಲ್ಲಿ ಇನ್ನೊಬ್ಬ ಆಟಗಾರ ಇದ್ದರೆ ಮಾತಾಡಬಹುದು, ಜೊತೆಗೂಡಬಹುದು, ಹೊಡೆದಾಡಲೂಬಹುದು. ನಿಧಿ ಹುಡುಕಿ ತಂದು ಜೌಗು ನೆಲದಲ್ಲಿ ಹಾಕಿದರೆ ಪಾಯಿಂಟ್ಸ್. 400 ಆದರೆ ಒಂದು ಮೆಟ್ಟಿಲು, ಮುಂದಿನದಕ್ಕೆ 800, ಆಮೇಲೆ 1,600, ಹೀಗೆ ಪ್ರತಿ ಸಲ ದುಪ್ಪಟ್ಟು. 1,02,400 ಮುಟ್ಟಿದರೆ ನೀವು ‘ವಿಜಾರ್ಡ್’, ಅಂದ್ರೆ ಮಾಂತ್ರಿಕ. ನಡುವೆ ಹೊಡೆದಾಟದಲ್ಲಿ ಸತ್ತರೆ ಅಷ್ಟೂ ಹೋಯ್ತು, ಮತ್ತೆ ಸೊನ್ನೆಯಿಂದ ಶುರು.

ಲೆವೆಲ್ ಅಂದ್ರೆ ನಮಗೀಗ ಮಾಮೂಲಿ. ಆದರೆ ಬಾರ್ಟಲ್‌ಗೆ ಅದು ಬರೀ ಮಜಾಕ್ಕಲ್ಲ. ಅವರ ಅಪ್ಪ ಗ್ಯಾಸ್ ಫಿಟ್ಟರ್, ಅಮ್ಮ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡ್ತಿದ್ದವರು. ಯಾವ ಮನೆಯಲ್ಲಿ ಹುಟ್ಟಿದೆ, ಇಂಗ್ಲಿಷ್ ಯಾವ ಧಾಟಿಯಲ್ಲಿ ಮಾತಾಡ್ತೀಯ ಅನ್ನೋದರ ಮೇಲೆ ಬೆಲೆ ಕಟ್ಟುತ್ತಿದ್ದ ಸಮಾಜ ಅದು. ಅದಕ್ಕೆ ಉತ್ತರವಾಗಿ, ನೀನು ಮಾಡಿದ್ದಷ್ಟೇ ಲೆಕ್ಕಕ್ಕೆ ಬರೋ ಒಂದು ಲೋಕ ಕಟ್ಟಿದೆವು ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಇದು ನನಗೆ ಯಾಕೆ ತಾಗಿತು ಅಂದ್ರೆ, ಬಿ.ಕಾಂ ಮುಗಿಸಿ ಮೊದಲ ಇಂಟರ್‌ವ್ಯೂಗೆ ಹೋದಾಗ ಮಾರ್ಕ್ಸ್ ಕಾರ್ಡ್ ನೋಡೋಕೂ ಮುಂಚೆ ಬಂದ ಪ್ರಶ್ನೆ, ‘ಅಪ್ಪ ಏನ್ ಮಾಡ್ತಾರೆ?’ ಆಟೋ ಓಡಿಸ್ತಾರೆ ಸರ್ ಅಂದೆ. ಎರಡು ನಿಮಿಷದಲ್ಲಿ ಇಂಟರ್‌ವ್ಯೂ ಮುಗೀತು.

ಹಾಗಂತ ಮಡ್ ಸ್ವರ್ಗ ಆಗಿರಲಿಲ್ಲ. ಹೊರಗಿನಿಂದ ಆಡೋಕೆ ಮೋಡೆಮ್ ಬೇಕು, ಫೋನ್ ಬಿಲ್ ಕಟ್ಟೋ ತಾಕತ್ತು ಬೇಕು, ಯಂತ್ರ ಖಾಲಿ ಇರೋ ನಡುರಾತ್ರಿ ನಿದ್ದೆಗೆಡಬೇಕು. ಬಾಗಿಲ ಒಳಗೆ ಎಲ್ಲರೂ ಸಮ, ನಿಜ. ಆದರೆ ಬಾಗಿಲವರೆಗೆ ಬರೋದು ಎಲ್ಲರ ಕೈಲಿ ಆಗ್ತಿರಲಿಲ್ಲ.

ಆದರೂ ಬೀಜ ಹರಡಿತು. ಮಡ್ ಆಡಿದ್ದ ಅಲನ್ ಕಾಕ್ಸ್ 1987ರಲ್ಲಿ ‘ಏಬರ್‌ಮಡ್’ ಬರೆದರು, ಅದು ವಿಶ್ವವಿದ್ಯಾಲಯಗಳಲ್ಲಿ ಹಬ್ಬಿತು. 1991ರಲ್ಲಿ ಕೋಪನ್‌ಹೇಗನ್‌ನಿಂದ ‘ಡಿಕುಮಡ್’ ಬಂತು. ಅದರ ಛಾಯೆ 1999ರ ‘ಎವರ್‌ಕ್ವೆಸ್ಟ್’ ಮೇಲೆ, ಅಲ್ಲಿಂದ 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಮೇಲೆ ಬಿತ್ತು. ಎಲ್ಲದರಲ್ಲೂ ಅದೇ ಲೆವೆಲ್, ಅದೇ ಮೆಟ್ಟಿಲು.

ಈಗ ಒಬ್ಬ ಕಾಮರ್ಸ್ ಹುಡುಗನಾಗಿ ನನ್ನ ಕಣ್ಣಿಗೆ ಬೀಳೋದು ಬೇರೆ. ಇವತ್ತು ಎಷ್ಟೋ ಗೇಮ್‌ಗಳಲ್ಲಿ ದುಡ್ಡು ಕೊಟ್ಟರೆ ಒಳ್ಳೇ ಆಯುಧ ಸಿಗುತ್ತೆ, ಮೆಟ್ಟಿಲು ಹತ್ತೋ ಶ್ರಮ ಉಳಿಯುತ್ತೆ. ಕಂಪನಿಗೆ ಅದು ಆದಾಯ, ಒಪ್ಪಿದೆ. ಆದರೆ ‘ನಿಮ್ಮಪ್ಪ ಯಾರು’ ಅಂತ ಕೇಳಬಾರದು ಅಂತಲೇ ಕಟ್ಟಿದ ಏಣಿ ಅದು. ಅಪ್ಪನ ಕಾರ್ಡ್ ಇದ್ದವನು ಅದನ್ನ ಬೇಗ ಹತ್ತೋದಾದ್ರೆ, ನಾವು ಮತ್ತೆ ಆ ಇಂಟರ್‌ವ್ಯೂ ರೂಮಿಗೇ ಬಂದು ಕೂತ ಹಾಗಾಯ್ತಲ್ಲ?

ಮುಂದಿನ ಸಲ ‘ಬೈ’ ಬಟನ್ ಒತ್ತೋ ಮುಂಚೆ ಒಂದ್ಸಲ ಯೋಚನೆ ಮಾಡಿ.