ಹೆಳವರ ಹೊತ್ತಿಗೆಯೂ ಪೇಶ್ವೆ ದಫ್ತರವೂ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಸುಗ್ಗಿಯಲ್ಲಿ ನಾವು ಊರಿಗೆ ಹೋದಾಗ ಮನೆಯ ಕಟ್ಟೆಯ ಮೇಲೆ ಹೆಳವರು ಬಂದು ಕುಳಿತಿದ್ದರು. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದವರು ಈಗ ಮೋಟಾರಿನಲ್ಲಿ ಬರುತ್ತಾರೆ. ಹೊತ್ತಿಗೆ ಮಾತ್ರ ಹಳೆಯದೇ. ಮೂಲಪುರುಷನಿಂದ ಹಿಡಿದು, ಯಾವ ಊರು ಬಿಟ್ಟು ಯಾವ ಊರಿಗೆ ಬಂದೆವು, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನೆಲ್ಲ ರಾಗವಾಗಿ ಓದಿದರು. ಓದುತ್ತ ಒಂದೆಡೆ ನಿಂತು, “ಪುಣೆಗೆ ಹೋದವರ ಸಂತಾನ ಹೇಳ್ರೀ” ಎಂದರು. ನಮ್ಮ ಮಕ್ಕಳ ಹೆಸರನ್ನು ನಾವು ಬರೆಸಿದೆವು. ಆದರೆ ಇದೇ ಪುಣೆಯಲ್ಲಿರುವ ನಮ್ಮ ಕಾಕಾನ ಮೊಮ್ಮಕ್ಕಳ ಹೆಸರು ನಮಗೇ ಗೊತ್ತಿರಲಿಲ್ಲ! ದೊಡ್ಡಪ್ಪನವರು ನಮ್ಮ ಮುಖ ನೋಡಿದರು. ಆ ಸಾಲು ಖಾಲಿಯೇ ಉಳಿಯಿತು.

ಲಿಂಗಾಯತ, ರಡ್ಡಿ, ಕುರುಬ ಮುಂತಾದ ಒಕ್ಕಲು ಮನೆತನಗಳಿಗೆ ಹೆಳವರೇ ದಫ್ತರ. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಮನೆಗಳು ಎಂದು ಹಂಚಿಕೆಯುಂಟು. ಕೆಲವು ವರ್ಷಗಳಿಗೊಮ್ಮೆ ಬಂದು ಹುಟ್ಟು ಸಾವುಗಳನ್ನು ಸೇರಿಸಿಕೊಂಡು, ಕಾಳು, ಬಟ್ಟೆ, ಹಣ ಪಡೆದು ಹೋಗುತ್ತಾರೆ. ಭಿಕ್ಷೆಯವರೆಂದು ಅವರನ್ನು ಬಾಗಿಲಿನಿಂದಲೇ ಕಳಿಸುವ ಓದಿದ ಜನರನ್ನು ನಾವು ಕಂಡಿದ್ದೇವೆ. ಅವರು ಕೇಳುವುದು ಭಿಕ್ಷೆಯಲ್ಲ, ಬರವಣಿಗೆಯ ಕೂಲಿ.

ವತನದಾರರ ಮಾತು ಬೇರೆ. ದೇಸಾಯಿ, ನಾಡಗೌಡ, ದೇಶಪಾಂಡೆ, ಕುಲಕರ್ಣಿ ಮನೆತನಗಳ ಕಾಗದಗಳು ಸರಕಾರದ ಕಟ್ಟುಗಳಲ್ಲಿ ಸೇರಿವೆ. 1818ರಲ್ಲಿ ಪೇಶ್ವೆಯರ ರಾಜ್ಯ ಹೋದ ಮೇಲೆ ಇಂಗ್ಲಿಷರು ಇನಾಮು ಭೂಮಿಗಳ ಹಕ್ಕನ್ನು ಶೋಧಿಸಿದರು. 1852ರ ಕಾಯಿದೆಯ ಮೇರೆಗೆ ಇನಾಮು ಕಮಿಶನ್ ಎದುರು ಸನದು ತೋರಿಸಬೇಕಾಯಿತು, ವಂಶಾವಳಿ ಬರೆದುಕೊಡಬೇಕಾಯಿತು. ಹೊಲ ಉಳಿಸಿಕೊಳ್ಳಲು ಬರೆದ ವಂಶಾವಳಿ ಅದು; ಆದುದರಿಂದ ಅದನ್ನು ಸ್ವಲ್ಪ ಎಚ್ಚರಿಕೆಯಿಂದಲೇ ಓದಬೇಕು. ವತನಗಳೇನೋ 1950ರ ಮುಂಬಯಿ ಕಾಯಿದೆಯಿಂದ ಹೋದವು, ಅಡ್ಡಹೆಸರು ಉಳಿಯಿತು.

ಕೌನ್ಸಿಲ್ ಹಾಲಿನ ಸಮೀಪದ ಪೇಶ್ವೆ ದಫ್ತರದ ಮುಂದೆ ನಮ್ಮಲ್ಲಿ ಎಷ್ಟೋ ಮಂದಿ ದಿನವೂ ಹಾಯ್ದುಹೋಗುತ್ತೇವೆ. ಧಾರವಾಡ, ಬಾದಾಮಿ, ಸವಣೂರು ಕಡೆಯ ಸಂಗತಿಗಳೂ ಅಲ್ಲಿಯ ರುಮಾಲುಗಳಲ್ಲಿ ಮೋಡಿ ಲಿಪಿಯಲ್ಲಿ ಮಲಗಿವೆ. ಗೋವಿಂದ ಸಖಾರಾಮ ಸರದೇಸಾಯಿಯವರು ಅದರಿಂದ ಆಯ್ದು 45 ಸಂಪುಟಗಳನ್ನು ಹೊರತಂದರು. ಅದು ಕಡಲಿನಿಂದ ಮೊಗೆದ ಕೊಡ. ಊರಿನ ಚರಿತ್ರೆ ಹುಡುಕಲು ಊರಿಗೇ ಹೋಗಬೇಕೆಂದಿಲ್ಲ, ಮೋಡಿ ಕಲಿತರೆ ಸಾಕು. ನಮ್ಮ ತರುಣರಲ್ಲಿ ಇಬ್ಬರಾದರೂ ಕಲಿತಾರೆಂದು ಆಸೆ.

ಆದರೆ ಹೊತ್ತಿಗೆಯಲ್ಲಾಗಲಿ ರುಮಾಲಿನಲ್ಲಾಗಲಿ ಹೆಣ್ಣುಮಕ್ಕಳ ಹೆಸರು ಅಪರೂಪ. ನಾವು ನಮ್ಮ ಮಗಳ ಹೆಸರು ಹೇಳಿದಾಗ ಹೆಳವರು ಲೇಖನಿ ಹಿಡಿದು ಕ್ಷಣ ತಡೆದರು. ಕೂಲಿ ಹೆಚ್ಚು ಕೊಡುತ್ತೇವೆಂದೆವು, ನಕ್ಕು ಬರೆದುಕೊಂಡರು. ಹೆಚ್ಚಿನ ಕೂಲಿ ಮಾತ್ರ ತೆಗೆದುಕೊಳ್ಳಲಿಲ್ಲ.

ಈ ಸಭೆಯ ಬಾಗಿಲ ಬಳಿ ಮೇಜಿನ ಮೇಲೆ ಒಂದು ದಪ್ಪ ವಹಿ ಇಟ್ಟಿದ್ದೇವೆ. ಬಿಟ್ಟು ಬಂದ ಊರು, ಪುಣೆಗೆ ಮೊದಲು ಬಂದವರು, ಬಂದ ವರ್ಷ, ಗಂಡು ಹೆಣ್ಣೆನ್ನದೆ ಮಕ್ಕಳ ಹೆಸರು, ಸೊಸೆಯಂದಿರ ತವರೂರು, ಇಷ್ಟನ್ನು ಬರೆಯಿರಿ. ಹಿರಿಯರಿಗೆ ಕಣ್ಣು ಕಾಣದಿದ್ದರೆ ಅವರು ಹೇಳಲಿ, ಮೊಮ್ಮಕ್ಕಳು ಬರೆಯಲಿ. ನಮ್ಮ ಕಾಕಾನ ಮೊಮ್ಮಕ್ಕಳು ಸಭೆಯಲ್ಲಿದ್ದರೆ ದಯವಿಟ್ಟು ಮೊದಲ ಪುಟವನ್ನೇ ತೆಗೆದುಕೊಳ್ಳಲಿ. ಮತ್ತೆ ಹೆಳವರು ಬಂದಾಗ ಆ ಹೆಸರುಗಳನ್ನು ಓದಿಹೇಳುತ್ತೇವೆಂದು ದೊಡ್ಡಪ್ಪನವರಿಗೆ ಮಾತು ಕೊಟ್ಟು ಬಂದಿದ್ದೇವೆ.