ಎರಡು ದಾರ, ಒಂದು ಗಂಟು
(ತೋಟದ ಕೂಟದಲ್ಲಿ ಮಾಡಿದ ಭಾಷಣ)



ಬಿಡುವಿನ ದಿನ ನಮ್ಮಲ್ಲಿ ಹಲವರು ಅನುಮತಿ ಇರುವ ಕೆರೆ ಹೊಳೆಗಳಿಗೆ ಗಾಳ ಹಿಡಿದು ಹೋಗುತ್ತೇವೆ. ದಾರ ತುಂಡಾದರೆ ಹೊಸದಕ್ಕೆ ದುಡ್ಡು ಬೇಕು. ಉಳಿದ ತುಂಡುಗಳನ್ನೇ ಸೇರಿಸಿ ಕಟ್ಟುತ್ತೇವೆ. ಹಾಗೆ ಕಟ್ಟಿದ ಗಂಟು ಬಿಚ್ಚದಂತೆ ಇರುವುದು ಹೇಗೆ, ಇದೇ ಇಂದಿನ ಮಾತು.

ಜೆಬೆದಾಯನ ಮಕ್ಕಳು ಬಲೆಗಳನ್ನು ಸರಿಮಾಡುತ್ತಿದ್ದಾಗ ಯೇಸು ಅವರನ್ನು ಕರೆದನೆಂದು ಮತ್ತಾಯ 4:21ರಲ್ಲಿ ಓದುತ್ತೇವೆ. ಅವರ ಕಾಲದ್ದು ನಾರಿನ ನೂಲು. ನಮ್ಮದು 1935ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ನೈಲಾನು. ಅದು ಬಹಳ ನುಣುಪು. ಸೌದೆ ಹೊರೆಗೆ ಹಾಕುವ ಗಂಟು ಅದರಲ್ಲಿ ಜಾರಿಬಿಡುತ್ತದೆ.

ಆದ್ದರಿಂದ ಹೀಗೆ ಮಾಡೋಣ. ಎರಡು ದಾರಗಳ ತುದಿಗಳನ್ನು ಎದುರುಬದುರಾಗಿ, ಒಂದು ಗೇಣಿಗೆ ಮೀರಿ, ಜೊತೆಜೊತೆಯಾಗಿ ಇಡೋಣ. ಒಂದರ ತುದಿಯನ್ನು ಹಿಂದಕ್ಕೆ ಮಡಿಸಿ ಕುಣಿಕೆ ಮಾಡಿ, ಆ ತುದಿಯನ್ನು ಕುಣಿಕೆಯೊಳಗೆ ಹಾಯಿಸುತ್ತ ಎರಡು ದಾರಗಳನ್ನೂ ಸೇರಿಸಿ 5 ಸುತ್ತು ಸುತ್ತೋಣ. ತುದಿ ಎಳೆದು ಸುತ್ತುಗಳನ್ನು ಕೂಡಿಸೋಣ. ಇನ್ನೊಂದು ದಾರದ ತುದಿಯಿಂದಲೂ ಹಾಗೆಯೇ. ಬಳಿಕ ನೀರು ಮುಟ್ಟಿಸಿ, ಉದ್ದನೆಯ ದಾರಗಳನ್ನು ಎರಡು ಕಡೆಗೆ ನಿಧಾನವಾಗಿ ಎಳೆಯಬೇಕು. 2 ಗಂಟುಗಳೂ ಜಾರಿ ಬಂದು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಒಣದಾರವನ್ನು ಜಗ್ಗಿದರೆ ಉಜ್ಜಿದ ಬಿಸಿಗೆ ನೈಲಾನು ಬಲ ಕಳೆದುಕೊಳ್ಳುತ್ತದೆ. ಒಂದು ದಾರ ತೆಳುವಾಗಿದ್ದರೆ ಅದಕ್ಕೆ ಒಂದೆರಡು ಸುತ್ತು ಹೆಚ್ಚು ಕೊಡಬೇಕು. ನೀರಿಗೆ ಹಾಕುವ ಮುಂಚೆ ಕೈಯಲ್ಲೇ ಎಳೆದು ನೋಡಬೇಕು. ಕತ್ತರಿಸಿದ ಚೂರುಗಳನ್ನು ಮನೆಗೆ ತರಬೇಕು. ಬಿಟ್ಟು ಬಂದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತವೆ.

ಪ್ರಿಯರೇ, ನಮ್ಮ ನೀಲಗಿರಿಯ ತೋಟಗಳೂ ಹೀಗೆ ಸೇರಿಸಿ ಕಟ್ಟಿದ ದಾರವೇ. ಮೈಸೂರು ಸೀಮೆಯಿಂದ ನಮ್ಮ ಹಿರಿಯರು ಬಂದರು. 1964ರ ಒಪ್ಪಂದದ ನಂತರ ಸಿಲೋನಿನಿಂದ ತಮಿಳು ಕುಟುಂಬಗಳು ಬಂದವು. ಈಗ ಜಾರ್ಖಂಡ್, ಅಸ್ಸಾಂ ಕಡೆಯವರು ನಮ್ಮ ಪಕ್ಕದಲ್ಲೇ ಸೊಪ್ಪು ಕೀಳುತ್ತಿದ್ದಾರೆ. ಅವರಿಗೆ ಇಲ್ಲಿಯ ಮಾತು ಬಾರದು. ತೂಕದ ಲೆಕ್ಕ ತಪ್ಪಿದರೂ ಕೇಳಲು ಬಾಯಿಲ್ಲ. ಅದು ಅವರ ಪಾಡು ಎಂದು ನಾವು ಸುಮ್ಮನಿದ್ದರೆ, ಇಂದು ಅವರಿಗೆ ಕೊಟ್ಟ ಕಡಿಮೆ ಕೂಲಿಯೇ ನಾಳೆ ನಮಗೂ ಅಳತೆಯಾಗುತ್ತದೆ. ಗಂಟು ಜಾರಿದರೆ ಎರಡು ದಾರಕ್ಕೂ ಮೀನಿಲ್ಲ.

ತೆಳುವಾದ ದಾರಕ್ಕೆ ಸುತ್ತು ಹೆಚ್ಚು ಬೇಕು. ಬಲವಿಲ್ಲದ ಅಂಗಗಳ ವಿಷಯವಾಗಿ ಪೌಲನು 1 ಕೊರಿಂಥ 12ರಲ್ಲಿ ಕಲಿಸುವುದೂ ಇದನ್ನೇ. ಈ ವಾರ ನಮ್ಮ ಲೈನಿನ ಒಂದು ಹೊಸ ಮನೆಗೆ ಹೋಗೋಣ. ಅವರ ಕೂಲಿ ಚೀಟಿಯನ್ನು ಅವರೊಂದಿಗೆ ಕೂತು ಓದೋಣ. ಪ್ರಾರ್ಥನೆಗೆ ಕರೆಯೋಣ. ಆತುರದಿಂದ ಜಗ್ಗುವುದು ಬೇಡ. ನಿಧಾನವಾಗಿ ಎಳೆದ ಗಂಟೇ ನಿಲ್ಲುತ್ತದೆ.

ದೇವರು ನಮ್ಮೆಲ್ಲರನ್ನು ಆಶೀರ್ವದಿಸಲಿ. ಆಮೆನ್.